ಹಳೇ ಸ್ಪೀಕರ್ ಕೊಳ್ಳಲು ಹೊರಟಾಗ ಜೇಬಿನಲ್ಲೊಂದು ಪೆನ್ಸಿಲ್ ಸೆಲ್ ಇರಲಿ

ಮೊಬೈಲಿನಲ್ಲಿ ಹಾಡುಗಳಿಗೇನೂ ಕೊರತೆಯಿಲ್ಲ. ಭೀಮಸೇನ ಜೋಶಿಯವರ ದಾಸವಾಣಿಯಿಂದ ಹಿಡಿದು ರಾತ್ರಿಯಿಡೀ ನಡೆದ ಯಕ್ಷಗಾನದ ತನಕ ಎಲ್ಲವೂ ಸಿಗುತ್ತದೆ. ಆದರೆ ಅಂಗೈಯಗಲದ ಯಂತ್ರದಿಂದ ಬರುವ ದನಿಯಲ್ಲಿ ಮದ್ದಳೆಯ ಗುಮಕಿಯೂ ಇಲ್ಲ, ತಂಬೂರಿಯ ನಾದವೂ ಇಲ್ಲ. ಮನೆಮಂದಿಯೆಲ್ಲ ಕೂತು ಕೇಳಬೇಕೆಂದರೆ ಒಂದು ಜೊತೆ ಸರಿಯಾದ ಸ್ಟೀರಿಯೋ ಸ್ಪೀಕರ್ ಬೇಕು. ಹೊಸದರ ಬೆಲೆ ಕೇಳಿ ಹಿಂದೆ ಸರಿದವರು ಸೆಕೆಂಡ್ ಹ್ಯಾಂಡ್ ಮಾಲಿನ ಕಡೆ ನೋಡುತ್ತಾರೆ. ನೋಡುವುದರಲ್ಲಿ ತಪ್ಪೇನೂ ಇಲ್ಲ. ಟಿ.ವಿ., ಕಂಪ್ಯೂಟರಿನಂತೆ ಸ್ಪೀಕರ್ ವರ್ಷವರ್ಷಕ್ಕೂ ಹಳತಾಗುವ ವಸ್ತುವಲ್ಲ. ಅಯಸ್ಕಾಂತ, ತಾಮ್ರದ ಸುರುಳಿ, ಅದಕ್ಕೆ ಅಂಟಿದ ಕೋನ್, ಇಷ್ಟೇ ಅದರ ಒಳಗುಟ್ಟು. 1925ರಲ್ಲಿ ಅಮೆರಿಕದ ರೈಸ್ ಮತ್ತು ಕೆಲಾಗ್ ಎಂಬ ಇಬ್ಬರು ಎಂಜಿನಿಯರುಗಳು ವಿವರಿಸಿದ ವಿಧಾನವೇ ಇಂದಿಗೂ ನಡೆದಿದೆ. ಚೆನ್ನಾಗಿ ಇಟ್ಟುಕೊಂಡ 30 ವರ್ಷ ಹಿಂದಿನ ಜೋಡಿ ಈಗಿನ ಅಗ್ಗದ ಹೊಸ ಜೋಡಿಯನ್ನು ಸುಲಭವಾಗಿ ಮೀರಿಸಬಲ್ಲದು.

ತೊಂದರೆ ಇರುವುದು ಬೇರೆ ಕಡೆ. ಗಡಿ ಊರುಗಳವರಿಗೆ ಇಂಥ ಮಾಲು ಸಿಗುವ ಪೇಟೆ ದೂರ. ಹೊಸೂರಿನವರಿಗೆ ಬೆಂಗಳೂರಿನ ಎಸ್.ಪಿ. ರೋಡ್ ಹತ್ತಿರವಾದರೂ ಆದೋನಿಯವರಿಗೆ ಹೈದರಾಬಾದಿನ ಕೋಠಿ, ಸೊಲ್ಲಾಪುರ, ಅಕ್ಕಲಕೋಟೆಯವರಿಗೆ ಪುಣೆಯ ತಪಕೀರ್ ಗಲ್ಲಿ ಅಥವಾ ಮುಂಬಯಿಯ ಲ್ಯಾಮಿಂಗ್ಟನ್ ರೋಡ್, ನೀಲಗಿರಿಯವರಿಗೆ ಕೊಯಮತ್ತೂರು, ಕಾಸರಗೋಡಿನವರಿಗೆ ಮಂಗಳೂರು. ಒಂದು ದಿನದ ಕೂಲಿ, ಬಸ್ ಚಾರ್ಜು ಕಳೆದುಕೊಂಡು ಹೋಗಿ ತಂದ ಪೆಟ್ಟಿಗೆ ಮನೆಯಲ್ಲಿ ಕರಕರ ಅಂದರೆ ಮತ್ತೆ ಹೋಗಿ ವಾಪಸು ಕೊಡುವ ಮಾತೇ ಇಲ್ಲ. ಹಳೇ ಮಾಲಿಗೆ ಗ್ಯಾರಂಟಿಯೂ ಇರುವುದಿಲ್ಲ. ಆದ್ದರಿಂದ ಪರೀಕ್ಷೆಯೆಲ್ಲ ದುಡ್ಡು ಕೊಡುವ ಮೊದಲು, ಅಂಗಡಿಯಲ್ಲಿಯೇ ಮುಗಿಯಬೇಕು. ಅದಕ್ಕೆ ದೊಡ್ಡ ವಿದ್ಯೆ ಬೇಕಿಲ್ಲ. ಅರ್ಧ ಗಂಟೆ ಸಮಯ, ಒಂದು ಮಲ್ಟಿಮೀಟರ್, ಒಂದು ಪೆನ್ಸಿಲ್ ಸೆಲ್, ಎರಡು ತುಂಡು ವೈರ್ ಇದ್ದರೆ ಸಾಕು.

ಮಾಲು ಬರುವುದು ಎಲ್ಲಿಂದ?

ಗುಜರಿ ಅಂಗಡಿ ಎನ್ನಿ, ಭಂಗಾರ್ ಎನ್ನಿ, ಆಕ್ರಿ ಕಡ ಎನ್ನಿ, ಕಾಯಲಾನ್ ಕಡೈ ಎನ್ನಿ, ಪಾತ ಸಾಮಾನ್ಲು ಎನ್ನಿ, ಗಡಿ ದಾಟಿದಂತೆ ಹೆಸರು ಬದಲಾದರೂ ಒಳಗಿರುವ ಮಾಲು ಹೆಚ್ಚುಕಡಿಮೆ ಒಂದೇ. ಮೊದಲನೆಯದು 1991ರ ಆರ್ಥಿಕ ಸುಧಾರಣೆಗೆ ಮೊದಲು ಆಮದು ಸುಂಕ ಜೋರಾಗಿದ್ದ ಕಾಲದ ದೇಶೀ ಮಾಲು. ಕೋಲ್ಕತ್ತದ ಸೋನೋಡೈನ್, ಕಾಸ್ಮಿಕ್, ಫಿಲಿಪ್ಸ್ ಮುಂತಾದ ಹೆಸರಿನ ಮರದ ಪೆಟ್ಟಿಗೆಗಳು. ಎರಡನೆಯದು ಗಲ್ಫ್ ಮಾಲು. 1970ರ ದಶಕದಿಂದ ಕಾಸರಗೋಡು, ಮಲಬಾರಿನ ಕಡೆಯಿಂದ ಗಲ್ಫಿಗೆ ಹೋದವರು ರಜೆಗೆ ಬರುವಾಗ ಟೇಪ್ ರೆಕಾರ್ಡರ್, ಸ್ಟೀರಿಯೋ ಸೆಟ್ ತರುತ್ತಿದ್ದರು. ಅವರ ಮಕ್ಕಳು ಮನೆ ಹೊಸದು ಮಾಡುವಾಗ ಅವು ಹೊರಗೆ ಬರುತ್ತವೆ. (ಗಲ್ಫ್ ಸೆಟ್ಟಿನ ಆಂಪ್ಲಿಫೈಯರ್ ಕೂಡ ಕೊಳ್ಳುವುದಾದರೆ ಹಿಂಭಾಗದಲ್ಲಿ ಬರೆದ ವೋಲ್ಟೇಜ್ ನೋಡಬೇಕು. ಸೌದಿಯಿಂದ ಬಂದ ಕೆಲವು 110 ಅಥವಾ 127 ವೋಲ್ಟಿನವು. ಸೀದಾ ನಮ್ಮ ಪ್ಲಗ್ಗಿಗೆ ಹಾಕಿದರೆ ಸುಟ್ಟುಹೋಗುತ್ತವೆ.) ಮೂರನೆಯದು 1990ರ ದಶಕದ ಮಿನಿ ಸಿಸ್ಟಂ, ಅದರ ನಂತರದ ಹೋಂ ಥಿಯೇಟರ್ ಸೆಟ್. ಪೇಟೆಯಲ್ಲಿ ಅತಿ ಹೆಚ್ಚು ಕಾಣುವುದೂ ಇವೇ, ಜನ ಮೋಸ ಹೋಗುವುದೂ ಇವುಗಳಲ್ಲೇ.

ಫುಲ್ ರೇಂಜ್ ಎಂದರೇನು?

ಈ ಮಾತಿಗೆ ಎರಡು ಅರ್ಥಗಳಿವೆ. ಒಂದೇ ಕೋನ್ ತಗ್ಗು ಸ್ವರದಿಂದ ಎತ್ತರದ ಸ್ವರದವರೆಗೆ ಎಲ್ಲವನ್ನೂ ನುಡಿಸಿದರೆ ಅದು ಫುಲ್ ರೇಂಜ್ ಯುನಿಟ್. ಹಳೇ ರೇಡಿಯೋಗಳಲ್ಲಿದ್ದದ್ದು ಇದೇ. ಕೋನಿನ ನಡುವೆ ಇನ್ನೊಂದು ಸಣ್ಣ ಕೊಳವೆಯಂಥ ಕಾಗದ ಅಂಟಿಸಿದ್ದರೆ ಅದು ಎತ್ತರದ ಸ್ವರಕ್ಕಾಗಿ. ಎರಡನೆಯ ಅರ್ಥದಲ್ಲಿ, ಬೇರೆ ಸಬ್‌ವೂಫರ್ ಸಹಾಯವಿಲ್ಲದೆ ತಾನೊಂದೇ ಪೂರ್ತಿ ಸಂಗೀತ ಕೇಳಿಸುವ ಪೆಟ್ಟಿಗೆ. ಅದರೊಳಗೆ ತಗ್ಗು ಸ್ವರಕ್ಕೆ ವೂಫರ್, ಎತ್ತರದ ಸ್ವರಕ್ಕೆ ಟ್ವೀಟರ್, ಇವೆರಡಕ್ಕೂ ಹಾಡನ್ನು ಹಂಚಿಕೊಡುವ ಕ್ರಾಸ್‌ಓವರ್ ಇರುತ್ತವೆ. ಮನುಷ್ಯನ ಕಿವಿಗೆ ಕೇಳುವುದು 20 ಹರ್ಟ್ಸ್‌ನಿಂದ 20,000 ಹರ್ಟ್ಸ್‌ವರೆಗೆ. ಮನೆಯ ಸ್ಪೀಕರ್ ಅಷ್ಟೂ ಕೊಡಬೇಕೆಂದೇನಿಲ್ಲ. 50ರಿಂದ 15,000 ಹರ್ಟ್ಸ್ ತನಕ ಏರುಪೇರಿಲ್ಲದೆ ನುಡಿದರೆ ಹಾಡುಗಾರಿಕೆ, ತಬಲಾ, ಹಾರ್ಮೋನಿಯಂ, ಚೆಂಡೆ ಎಲ್ಲಕ್ಕೂ ಧಾರಾಳವಾಯಿತು.

10ಕ್ಕೆ 12 ಅಡಿಯ ಕೋಣೆಗೆ ಆರು, ಆರೂವರೆ ಇಂಚಿನ ವೂಫರ್ ಇರುವ ಎರಡು ಯುನಿಟ್ಟಿನ ಪೆಟ್ಟಿಗೆ ಹೇಳಿ ಮಾಡಿಸಿದಂತಿರುತ್ತದೆ. ಪಡಸಾಲೆ ದೊಡ್ಡದಿದ್ದರೆ ಎಂಟು ಇಂಚು. ಅದಕ್ಕಿಂತ ದೊಡ್ಡದು ಬೇಕೆನ್ನುವುದು ಹೆಚ್ಚಾಗಿ ಕಣ್ಣಿನ ಆಸೆ.

ಬಿಟ್ಟುಬಿಡಬೇಕಾದವು

ಹೋಂ ಥಿಯೇಟರ್ ಸೆಟ್ಟಿನಿಂದ ಬಿಡಿಸಿದ ಅಂಗೈಯಷ್ಟು ಸಣ್ಣ ಪೆಟ್ಟಿಗೆಗಳು ಸಬ್‌ವೂಫರ್ ಇಲ್ಲದೆ ನಿಷ್ಪ್ರಯೋಜಕ. ಒಳಗಿರುವುದು ಎರಡು ಮೂರು ಇಂಚಿನ ಕೋನ್. ಎಷ್ಟೇ ಚಂದವಿದ್ದರೂ ಇವು ಫುಲ್ ರೇಂಜ್ ಅಲ್ಲ.

ಮಿನಿ ಸಿಸ್ಟಂನ ಪೆಟ್ಟಿಗೆ ಹಿಂದಿನಿಂದ ಎರಡು ವೈರ್ ಬಂದಿದ್ದರೆ ಸರಿ. ನಾಲ್ಕು ವೈರ್ ಬಂದಿದ್ದರೆ, ಅಂದರೆ ವೂಫರಿಗೊಂದು ಜೋಡಿ, ಟ್ವೀಟರಿಗೊಂದು ಜೋಡಿ ಇದ್ದರೆ, ಅದಕ್ಕೆ ಅದರದೇ ಆಂಪ್ಲಿಫೈಯರ್ ಬೇಕಾಗಬಹುದು. ಸ್ವರ ಹಂಚುವ ಕೆಲಸ ಆಂಪ್ಲಿಫೈಯರಿನಲ್ಲೇ ಆಗುವಂತೆ ಮಾಡಿದ ಸೆಟ್ಟುಗಳಿವೆ. ಮುಂದೆ ಕಾಣುವ ಮೂರು ನಾಲ್ಕು ಕೋನುಗಳಲ್ಲಿ ಒಂದೆರಡು ಬರೀ ಅಲಂಕಾರಕ್ಕೆ ಇರುವುದೂ ಉಂಟು. ಜಾಲರಿ ತೆಗೆದು ಟಾರ್ಚ್ ಹಾಕಿ ನೋಡಿದರೆ ಗೊತ್ತಾಗುತ್ತದೆ.

ದೇವಸ್ಥಾನ, ಶಾಲೆಯ ಮೈಕ್ ಸೆಟ್ಟಿನಿಂದ ಬಂದ ಹಾರ್ನ್, ಉದ್ದನೆಯ ಕಾಲಂ ಸ್ಪೀಕರ್ ಕಡಿಮೆ ಬೆಲೆಗೆ ಸಿಗುತ್ತವೆ. ಅವು ದೂರಕ್ಕೆ ಮಾತು ಮುಟ್ಟಿಸಲು ಮಾಡಿದವು. ಹಲವಕ್ಕೆ ಒಳಗೆ 100 ವೋಲ್ಟ್ ಲೈನಿನ ಟ್ರಾನ್ಸ್‌ಫಾರ್ಮರ್ ಇರುತ್ತದೆ. ಮನೆಯ ಸ್ಟೀರಿಯೋಗೆ ಹೊಂದುವುದಿಲ್ಲ. ಆದರೆ ಊರಿನ ಮೈಕ್ ಸೆಟ್ಟಿನವರನ್ನು ಮಾತ್ರ ಬಿಡಬಾರದು. ಹಳ್ಳಿಯಲ್ಲಿ ಸ್ಪೀಕರಿನ ಕಷ್ಟಸುಖ ಅವರಿಗೆ ಗೊತ್ತಿರುವಷ್ಟು ಬೇರೆಯವರಿಗೆ ಗೊತ್ತಿರುವುದಿಲ್ಲ. ಪೇಟೆಗೆ ಹೋಗುವಾಗ ಜೊತೆಗೆ ಕರೆದೊಯ್ದರೆ ಚಹಾ, ತಿಂಡಿಯ ಖರ್ಚಿನಲ್ಲೇ ಒಬ್ಬ ಪರಿಣತರು ಸಿಕ್ಕಂತಾಯಿತು.

ಕೈಯಲ್ಲಿ ಮುಟ್ಟಿ ನೋಡುವುದು

ಮೊದಲು ಜಾಲರಿ ತೆಗೆಸಬೇಕು. ತೆಗೆಯಲು ಒಪ್ಪದ ಅಂಗಡಿಯವರಿಗೆ ಅಲ್ಲಿಂದಲೇ ನಮಸ್ಕಾರ ಹೇಳುವುದು ಮೇಲು. ಎಲ್ಲಕ್ಕಿಂತ ಮುಖ್ಯವಾದದ್ದು ಕೋನಿನ ಸುತ್ತ ಇರುವ ಮೆತ್ತನೆಯ ಅಂಚು. ಕೋನ್ ಹಿಂದೆಮುಂದೆ ಆಡುವುದು ಈ ಅಂಚಿನ ಆಧಾರದ ಮೇಲೆ. ಇದರಲ್ಲಿ ಮೂರು ಬಗೆ: ಫೋಮ್, ರಬ್ಬರ್, ಮಡಿಕೆ ಹಾಕಿದ ಬಟ್ಟೆ. ಬಟ್ಟೆಯ ಅಂಚು ದಶಕಗಟ್ಟಲೆ ಬಾಳುತ್ತದೆ. ರಬ್ಬರ್ ಕೂಡ ಬಹುಕಾಲ ನಿಲ್ಲುತ್ತದೆ, ಗಡುಸಾಗಿ ಬಿರುಕು ಬಿಟ್ಟಿಲ್ಲವೇ ಎಂದು ನೋಡಿದರಾಯಿತು. ಫೋಮ್ ಮಾತ್ರ ಉಪಯೋಗಿಸದೆ ಇಟ್ಟರೂ 10ರಿಂದ 20 ವರ್ಷಗಳಲ್ಲಿ ತಾನಾಗಿಯೇ ಕೊಳೆತು ಪುಡಿಯಾಗುತ್ತದೆ. ಕಾಸರಗೋಡಿನ ಕಡಲಗಾಳಿ, ವಯನಾಡು, ನೀಲಗಿರಿಯ ತೇವದಲ್ಲಿ ಇನ್ನೂ ಬೇಗ. ಬೆರಳ ತುದಿಯಿಂದ ಮೆಲ್ಲನೆ ಒತ್ತಿದಾಗ ಅಂಟಂಟಾಗಿದ್ದರೆ, ಬೆರಳಿಗೆ ಕಪ್ಪು ಪುಡಿ ಹತ್ತಿದರೆ ಅದರ ಆಯುಷ್ಯ ಮುಗಿದಿದೆ ಎಂದರ್ಥ. ಹಾಗೆಂದು ಬಿಟ್ಟೇಬಿಡಬೇಕೆಂದಲ್ಲ. ಅಳತೆಗೆ ಸರಿಯಾದ ಹೊಸ ಅಂಚು ಸಿಕ್ಕಿ, ಕೂರಿಸುವ ಕಸುಬುದಾರರು ಹತ್ತಿರವಿದ್ದರೆ ಒಳ್ಳೆಯ ಜೋಡಿ ಅಗ್ಗಕ್ಕೆ ಗಿಟ್ಟುತ್ತದೆ. ಆ ರಿಪೇರಿಯ ಖರ್ಚನ್ನು ಬೆಲೆಯಲ್ಲಿ ಮುರಿದುಕೊಳ್ಳಬೇಕು ಅಷ್ಟೇ.

ಎರಡನೆಯದು ಒಳಗಿನ ಸುರುಳಿ. ಎರಡೂ ಕೈಗಳ ಬೆರಳುಗಳನ್ನು ಕೋನಿನ ಮೇಲೆ ಎದುರುಬದುರು ಇಟ್ಟು, ಎರಡೂ ಕಡೆ ಸಮನಾಗಿ, ಹಗುರವಾಗಿ ಒತ್ತಿ ಬಿಡಬೇಕು. ಸದ್ದಿಲ್ಲದೆ ಒಳಗೆ ಹೋಗಿ ಮರಳಿದರೆ ಸರಿ. ಮರಳು ಉಜ್ಜಿದಂತೆ ಸರಕ್ಕೆಂದರೆ ಸುರುಳಿ ಅಯಸ್ಕಾಂತಕ್ಕೆ ತಾಗುತ್ತಿದೆ. ಅಂಥದ್ದು ಬೇಡ. ಒಂದೇ ಬೆರಳಿನಿಂದ ಒತ್ತಿದರೆ ಒಳ್ಳೆಯ ಸ್ಪೀಕರ್ ಕೂಡ ಓರೆಯಾಗಿ ಉಜ್ಜುತ್ತದೆ, ಅದನ್ನು ನೋಡಿ ತಪ್ಪು ತೀರ್ಮಾನಕ್ಕೆ ಬರಬಾರದು. ಟ್ವೀಟರಿನ ಗುಮ್ಮಟವನ್ನು ಒತ್ತಲೇಬಾರದು. ಮಕ್ಕಳು ಒತ್ತಿ ಹಾಳುಮಾಡಿದ್ದು ಸಾಮಾನ್ಯವಾಗಿ ಕಣ್ಣಿಗೇ ಕಾಣುತ್ತದೆ.

ಈಗ ಪೆನ್ಸಿಲ್ ಸೆಲ್ಲಿನ ಕೆಲಸ. ಆಂಪ್ಲಿಫೈಯರಿನಿಂದ ಬಿಡಿಸಿದ ಪೆಟ್ಟಿಗೆಯ ಕೆಂಪು ಟರ್ಮಿನಲ್ಲಿಗೆ 1.5 ವೋಲ್ಟ್ ಸೆಲ್ಲಿನ ಪ್ಲಸ್, ಕಪ್ಪಿಗೆ ಮೈನಸ್ ಬರುವಂತೆ ವೈರನ್ನು ಕ್ಷಣಮಾತ್ರ ತಾಗಿಸಿ ತೆಗೆಯಬೇಕು. ವೂಫರ್ ಟಪ್ ಎಂದು ಹೊರಗೆ ಬಂದರೆ ಜೀವವಿದೆ. ಮುಖ್ಯವಾಗಿ ನೋಡಬೇಕಾದದ್ದು ಎರಡೂ ಪೆಟ್ಟಿಗೆಗಳ ವೂಫರ್ ಒಂದೇ ದಿಕ್ಕಿಗೆ ಚಲಿಸುತ್ತವೆಯೇ ಎಂಬುದು. ಒಂದು ಹೊರಗೆ, ಇನ್ನೊಂದು ಒಳಗೆ ಹೋದರೆ ಯಾರೋ ರಿಪೇರಿ ಮಾಡುವಾಗ ವೈರ್ ಅದಲುಬದಲು ಮಾಡಿದ್ದಾರೆ. ಅದು ದೊಡ್ಡ ದೋಷವಲ್ಲ, ಆದರೆ ಪೆಟ್ಟಿಗೆ ಒಮ್ಮೆ ಬಿಚ್ಚಿದ್ದಾರೆ ಎಂಬ ಸುಳಿವು ಸಿಕ್ಕಿತು. ಈ ಪರೀಕ್ಷೆಯಲ್ಲಿ ಟ್ವೀಟರಿನ ಯೋಗ್ಯತೆ ತಿಳಿಯದು. ಅದರ ಮುಂದೆ ಕೆಪಾಸಿಟರ್ ಇರುವುದರಿಂದ ಸೆಲ್ಲಿನ ಕರೆಂಟ್ ಅಲ್ಲಿಗೆ ಹರಿಯುವುದಿಲ್ಲ.

ಮಲ್ಟಿಮೀಟರನ್ನು ಓಮ್ಸ್‌ಗೆ ಇಟ್ಟು ಟರ್ಮಿನಲ್ಲಿನಲ್ಲಿ ಅಳೆದರೆ 8 ಓಮ್ ಎಂದು ಬರೆದ ಪೆಟ್ಟಿಗೆ ಸುಮಾರು 5.5ರಿಂದ 7, 4 ಓಮಿನದು 3ರಿಂದ 3.7 ತೋರಿಸುತ್ತದೆ. ಬರೆದದ್ದಕ್ಕಿಂತ ಕಡಿಮೆ ಬರುವುದು ಸಹಜ. ಎರಡೂ ಪೆಟ್ಟಿಗೆಯ ಅಳತೆ ಹೆಚ್ಚುಕಡಿಮೆ ಒಂದೇ ಇರಬೇಕು. ಒಂದರಲ್ಲಿ 6, ಇನ್ನೊಂದರಲ್ಲಿ 3.4 ಬಂದರೆ ಒಂದರ ವೂಫರ್ ಬದಲಾಗಿದೆ ಎಂದು ತಿಳಿಯಬಹುದು. ಜೋಡಿ ಎಂದು ಮಾರುವ ಎಷ್ಟೋ ಪೆಟ್ಟಿಗೆಗಳು ಹೊರಗಿನಿಂದ ಅವಳಿ, ಒಳಗೆ ಬೇರೆಬೇರೆ. ಸ್ಕ್ರೂ ತಲೆಯ ಗೀರುಗಳನ್ನೂ, ಎರಡೂ ಕೋನುಗಳ ಬಣ್ಣವನ್ನೂ ಹೋಲಿಸಿ ನೋಡುವುದು ಒಳ್ಳೆಯದು. ಮುಂದೆ ಅಂಟಿಸಿದ ಕಂಪನಿಯ ಹೆಸರು ಯಾವುದೇ ಇರಲಿ, ಸ್ಟಿಕರ್ ಹತ್ತು ರೂಪಾಯಿಗೆ ಸಿಗುತ್ತದೆ.

ಕೊನೆಗೆ ಪೆಟ್ಟಿಗೆ. ಬಹುಪಾಲು ಪೆಟ್ಟಿಗೆಗಳು ಮರದ ಪುಡಿಯ ಬೋರ್ಡಿನವು. ನೀರು ತಾಗಿದ ಬೋರ್ಡ್ ಕೆಳಗಡೆ ಉಬ್ಬಿ ಬಿಸ್ಕತ್ತಿನಂತೆ ಉದುರುತ್ತದೆ. ತಲೆಕೆಳಗು ಮಾಡಿ ತಳ ನೋಡಬೇಕು, ಗೆದ್ದಲಿನ ಮಣ್ಣಿದೆಯೇ ಎಂದೂ ನೋಡಬೇಕು. ಬೆರಳ ಗೆಣ್ಣಿನಿಂದ ತಟ್ಟಿದಾಗ ಡೊಳ್ಳಿನಂತೆ ಸದ್ದು ಬಂದರೆ ಬೋರ್ಡ್ ತೆಳು ಅಥವಾ ಅಂಟು ಬಿಟ್ಟಿದೆ.

ಕಿವಿಯಿಂದ ಕೇಳುವುದು

ಅಂಗಡಿಯವರು ಹಾಕುವ ಹಾಡು ಅವರ ಮಾಲಿಗೆ ಹೊಂದುವ ಹಾಡು. ಬಾಸ್ ಏರಿಸಿದ ಡಿಸ್ಕೋ ಸಂಗೀತದಲ್ಲಿ ಎಲ್ಲ ಸ್ಪೀಕರೂ ಚೆನ್ನಾಗಿಯೇ ಕೇಳಿಸುತ್ತದೆ. ಕೊಳ್ಳುವವರು ತಮಗೆ ಬಾಯಿಪಾಠವಾಗಿರುವ ಮೂರು ನಾಲ್ಕು ಹಾಡುಗಳನ್ನು ಮೊಬೈಲಿಗೆ ತುಂಬಿಕೊಂಡು ಹೋಗಬೇಕು. ಈಚಿನ ಅನೇಕ ಮೊಬೈಲುಗಳಲ್ಲಿ ಹೆಡ್‌ಫೋನ್ ತೂತೇ ಇಲ್ಲ. ತೂತಿರುವ ಹಳೇ ಮೊಬೈಲ್ ಮತ್ತು ಆಂಪ್ಲಿಫೈಯರಿಗೆ ಹಾಕುವ ವೈರ್ ಚೀಲದಲ್ಲಿದ್ದರೆ ತಾಪತ್ರಯವಿಲ್ಲ. ಬಾಸ್, ಟ್ರೆಬಲ್ ಗುಂಡಿಗಳನ್ನು ನಡುವೆ ನಿಲ್ಲಿಸಿ, ಲೌಡ್‌ನೆಸ್ ಗುಂಡಿ ಇದ್ದರೆ ಆರಿಸಿ ಕೇಳಬೇಕು.

1960ರ ದಶಕದ ಚಿತ್ರಗೀತೆಗಳು ಇಲ್ಲಿ ದೊಡ್ಡ ಉಪಕಾರ ಮಾಡುತ್ತವೆ. ಪಿ.ಬಿ. ಶ್ರೀನಿವಾಸ್ ಅವರ ಆ ಕಾಲದ ಹಾಡುಗಳು ಮೋನೋ ಧ್ವನಿಮುದ್ರಣ. ಅಂದರೆ ಎರಡೂ ಪೆಟ್ಟಿಗೆಗೆ ಹೋಗುವುದು ಒಂದೇ ದನಿ. ಎರಡರ ನಡುವೆ, ಸ್ವಲ್ಪ ದೂರದಲ್ಲಿ ನಿಂತು ಕಣ್ಣು ಮುಚ್ಚಿದರೆ ಗಾಯಕರು ಸರಿಯಾಗಿ ಮಧ್ಯದಲ್ಲಿ ನಿಂತು ಹಾಡಿದಂತೆ ಕೇಳಬೇಕು. ದನಿ ಒಂದು ಬದಿಗೆ ವಾಲಿದರೆ ಇನ್ನೊಂದು ಪೆಟ್ಟಿಗೆ ಸೋತಿದೆ. ದನಿ ಎಲ್ಲಿಂದ ಬರುತ್ತಿದೆಯೆಂದೇ ತಿಳಿಯದೆ ಚದುರಿದಂತಿದ್ದರೆ ಒಂದರ ವೈರ್ ತಿರುಗುಮುರುಗಾಗಿದೆ. ವಾಲುವುದು ಆಂಪ್ಲಿಫೈಯರಿನ ದೋಷವೂ ಆಗಿರಬಹುದು. ಅದನ್ನು ಬಂದ್ ಮಾಡಿ ಎಡಬಲದ ಪೆಟ್ಟಿಗೆಗಳನ್ನು ಅದಲುಬದಲು ಮಾಡಿದರೆ ನಿಜ ಹೊರಬರುತ್ತದೆ. ದೋಷ ಪೆಟ್ಟಿಗೆಯ ಜೊತೆಗೆ ಹೋದರೆ ಪೆಟ್ಟಿಗೆಯದು, ಇದ್ದ ಬದಿಯಲ್ಲೇ ಉಳಿದರೆ ಆಂಪ್ಲಿಫೈಯರಿನದು.

ಟ್ವೀಟರ್ ಪರೀಕ್ಷೆಗೆ ತಾಳ, ಜಾಗಟೆ, ಚೆಂಡೆಯ ಹೊಡೆತ ಇರುವ ಧ್ವನಿಮುದ್ರಣ ಬೇಕು. ಬ್ಯಾಲೆನ್ಸ್ ಗುಂಡಿಯಿಂದ ಒಂದೊಂದೇ ಪೆಟ್ಟಿಗೆ ನುಡಿಸಿ, ಟ್ವೀಟರಿನ ಹತ್ತಿರ ಕಿವಿಯಿಟ್ಟು ಸಣ್ಣ ದನಿಯಲ್ಲಿ ಕೇಳಬೇಕು. ಒಂದು ಕಡೆ ತಾಳ ಕಿಣಿಕಿಣಿ ಎಂದು, ಇನ್ನೊಂದು ಕಡೆ ಕಂಬಳಿ ಹೊದಿಸಿದಂತೆ ಕೇಳಿದರೆ ಟ್ವೀಟರ್ ಸುಟ್ಟಿದೆ ಅಥವಾ ಕೆಪಾಸಿಟರ್ ಸೊರಗಿದೆ. ಕೆಪಾಸಿಟರ್ ಆದರೆ ಅಲ್ಪ ಖರ್ಚಿನ ರಿಪೇರಿ. ಅದೇ ಮೌಲ್ಯದ, ಪ್ಲಸ್ ಮೈನಸ್ ಇಲ್ಲದ ನಾನ್ ಪೋಲಾರ್ ಬಗೆಯದನ್ನೇ ಹಾಕಿಸಬೇಕು. ಟ್ವೀಟರೇ ಹೋಗಿದ್ದರೆ ಅದೇ ಮಾಡೆಲ್ಲಿನದು ಸಿಗುವುದು ದುರ್ಲಭ, ಚೌಕಾಸಿ ಅಲ್ಲಿಗೇ ನಿಲ್ಲಿಸುವುದು ವಾಸಿ. ಬರೀ ಮಾತಿರುವ ಧ್ವನಿಮುದ್ರಣವನ್ನೂ ಹಾಕಿ ನೋಡಬೇಕು. ತಾಳಮದ್ದಲೆಯ ಅರ್ಥಗಾರಿಕೆ ಇದಕ್ಕೆ ಚೆನ್ನ. ಮನುಷ್ಯನ ಮಾತು ಡಬ್ಬಿಯೊಳಗಿಂದ ಬಂದಂತೆ ಕೇಳುವ ಪೆಟ್ಟಿಗೆ ಯಾವ ಸಂಗೀತಕ್ಕೂ ಆಗಿಬರುವುದಿಲ್ಲ.

ವ್ಯಾಟ್ ಲೆಕ್ಕದ ಮಾಯೆ

ಪಿ.ಎಂ.ಪಿ.ಓ. ಎಂದು ಬರೆದ 1000, 2000 ವ್ಯಾಟ್ ಅಂಕಿಗಳನ್ನು ಪೂರ್ತಿ ಮರೆತುಬಿಡಬೇಕು. ಆ ಸೆಟ್ಟಿನ ಹಿಂಭಾಗದಲ್ಲಿ ಎಷ್ಟು ವ್ಯಾಟ್ ಕರೆಂಟ್ ಎಳೆಯುತ್ತದೆಂದು ಬರೆದಿರುತ್ತದೆ. 65 ವ್ಯಾಟ್ ಎಳೆಯುವ ಸೆಟ್ 2000 ವ್ಯಾಟ್ ಸದ್ದು ಕೊಡುವುದು ಹತ್ತು ಸೇರು ಹಾಲಿನಿಂದ ಕ್ವಿಂಟಲ್ ಬೆಣ್ಣೆ ತೆಗೆದ ಕತೆ. ಆರ್.ಎಂ.ಎಸ್. ಎಂದು ಬರೆದ ಅಂಕಿ ಮಾತ್ರ ಲೆಕ್ಕಕ್ಕೆ ಬರುತ್ತದೆ. ಮನೆಯೊಳಗೆ ಬದಿಗೆ 20ರಿಂದ 40 ವ್ಯಾಟ್ ಧಾರಾಳ.

ಅದಕ್ಕಿಂತ ಉಪಯುಕ್ತ ಅಂಕಿ ಸೆನ್ಸಿಟಿವಿಟಿ. 86 ಡಿಬಿ, 89 ಡಿಬಿ, 92 ಡಿಬಿ ಎಂದು ಹಿಂಭಾಗದ ಪಟ್ಟಿಯಲ್ಲಿರುತ್ತದೆ. 3 ಡಿಬಿ ಹೆಚ್ಚಾದರೆ ಅಷ್ಟೇ ಸದ್ದಿಗೆ ಅರ್ಧದಷ್ಟು ವ್ಯಾಟ್ ಸಾಕು. 86 ಡಿಬಿ ಪೆಟ್ಟಿಗೆಗೆ 40 ವ್ಯಾಟ್ ಬೇಕಾದರೆ 92 ಡಿಬಿಯದಕ್ಕೆ 10 ವ್ಯಾಟ್ ಸಾಕು. ಸಣ್ಣ ಆಂಪ್ಲಿಫೈಯರ್ ಇರುವವರು ಈ ಅಂಕಿ ದೊಡ್ಡದಿರುವ ಜೋಡಿ ಹುಡುಕಬೇಕು. ಇನ್ನು ಓಮ್. ಆಂಪ್ಲಿಫೈಯರಿನ ಹಿಂದೆ 8 ಓಮ್ ಎಂದಷ್ಟೇ ಬರೆದಿದ್ದರೆ 4 ಓಮಿನ ಸ್ಪೀಕರ್ ಹಾಕಬಾರದು, ಬಿಸಿಯಾಗಿ ಕೈಕೊಡುತ್ತದೆ.

ಟ್ವೀಟರ್ ಸುಡುವುದು ದೊಡ್ಡ ಆಂಪ್ಲಿಫೈಯರಿನಿಂದ ಎಂದು ಬಹಳ ಜನ ನಂಬಿದ್ದಾರೆ. ಸಣ್ಣ ಆಂಪ್ಲಿಫೈಯರನ್ನು ಕೊನೆಯ ತನಕ ತಿರುಗಿಸಿ ದನಿ ಒಡೆಯುವಂತೆ ನುಡಿಸಿದಾಗಲೂ ಅದು ಸುಡುತ್ತದೆ. ದನಿ ಒಡೆದ ತಕ್ಷಣ ಇಳಿಸುವುದೇ ಮದ್ದು.

ದುಡ್ಡಿನ ಹಂಚಿಕೆ

ಉದಾಹರಣೆಗೆ ಎಲ್ಲ ಸೇರಿ 8,000 ರೂಪಾಯಿ ಮೀಸಲಿಟ್ಟವರು 4,000 ಸ್ಪೀಕರಿಗೆ, 3,000 ಆಂಪ್ಲಿಫೈಯರಿಗೆ ಎಂದುಕೊಂಡು, 1,000ವನ್ನು ವೈರ್ ಮತ್ತು ರಿಪೇರಿಗೆ ಜೇಬಿನಲ್ಲೇ ಉಳಿಸಿಕೊಳ್ಳಬೇಕು. ಎಲ್ಲವನ್ನೂ ಪೆಟ್ಟಿಗೆಗೇ ಸುರಿದು ಆಂಪ್ಲಿಫೈಯರಿಗೆ ಮುಂದಿನ ಸುಗ್ಗಿಯ ತನಕ ಕಾಯುವವರ ಸ್ಪೀಕರ್ ಮೇಲೆ ಹೂದಾನಿ ಕೂತಿರುತ್ತದೆ. ಹಳೇ ಆಂಪ್ಲಿಫೈಯರ್ ಆದರೆ ಸ್ಪೀಕರ್ ಜೋಡಿಸುವ ಮೊದಲು ಅದರ ಸ್ಪೀಕರ್ ಟರ್ಮಿನಲ್ಲಿನಲ್ಲಿ ಡಿ.ಸಿ. ವೋಲ್ಟ್ ಅಳೆಯಬೇಕು. 50 ಮಿಲಿವೋಲ್ಟಿನ ಒಳಗಿದ್ದರೆ ನಿಶ್ಚಿಂತೆ. ಒಂದೆರಡು ವೋಲ್ಟ್ ತೋರಿಸಿದರೆ ಅದು ಸ್ಪೀಕರಿನ ಸುರುಳಿಯನ್ನು ಸುಡುವ ಯಂತ್ರ. ವೈರಿಗೆ ದುಬಾರಿ ಹೆಸರು ಬೇಡ, ಮನೆ ವಯರಿಂಗಿನ 1.5 ಚದರ ಮಿ.ಮೀ. ತಾಮ್ರದ ವೈರ್ ಸಾಕು.

ಆನ್‌ಲೈನಿನಲ್ಲಿ ಚಿತ್ರ ನೋಡಿ ಕೊಳ್ಳುವವರು ಮಾಲು ಕಣ್ಣಾರೆ ಕಂಡು, ಕಿವಿಯಾರೆ ಕೇಳಿದ ಮೇಲೆಯೇ ದುಡ್ಡು ಕೊಡಬೇಕು. ಮುಂಗಡ ಕಳಿಸಿದರೆ ಕೊರಿಯರ್ ಮಾಡುತ್ತೇವೆ ಎನ್ನುವವರು ಹೆಚ್ಚಿನಂಶ ಮಾಲೇ ಇಲ್ಲದವರು. ಮಾರುವವರೂ ಎಚ್ಚರದಿಂದಿರಬೇಕು. ದುಡ್ಡು ಬರಲು ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡುವುದಾಗಲಿ, ಯುಪಿಐ ಪಿನ್ ಒತ್ತುವುದಾಗಲಿ ಬೇಕಿಲ್ಲ. ಪಿನ್ ಕೇಳಿತೆಂದರೆ ದುಡ್ಡು ಹೋಗುತ್ತಿದೆ ಎಂದೇ ಅರ್ಥ. ಮೋಸವಾದರೆ ತಡಮಾಡದೆ 1930ಕ್ಕೆ ಫೋನ್ ಮಾಡಬೇಕು. ದೇಶದ ಎಲ್ಲ ರಾಜ್ಯಗಳಿಗೂ ಒಂದೇ ನಂಬರ್. ಗುರುತಿಲ್ಲದವರಿಂದ ಕೊಂಡಾಗ ಹೆಸರು, ಫೋನ್ ನಂಬರ್, ತಾರೀಖು ಇರುವ ಚೀಟಿಯನ್ನು ಬರೆಸಿಕೊಂಡರೆ ಕಳವು ಮಾಲಿನ ತಕರಾರು ಬಂದಾಗ ಕೈಯಲ್ಲೊಂದು ಆಧಾರವಿರುತ್ತದೆ.

ಊರಿಗೆ ತಂದ ಮೇಲೆ

ಬಸ್ಸಿನಲ್ಲಿ ತರುವಾಗ ಎರಡೂ ಪೆಟ್ಟಿಗೆಗಳ ಮುಖ ಎದುರುಬದುರಾಗಿಟ್ಟು, ನಡುವೆ ಗಟ್ಟಿ ರಟ್ಟು ಹಾಕಿ, ಹಳೇ ಕಂಬಳಿ ಸುತ್ತಿ ಕಟ್ಟಬೇಕು. ಟಾಪಿನ ಮೇಲೆ ಹಾಕಿಸುವುದಕ್ಕಿಂತ ಲಗೇಜ್ ಚಾರ್ಜು ಕೊಟ್ಟು ಸೀಟಿನ ಪಕ್ಕ ಇಟ್ಟುಕೊಳ್ಳುವುದು ಕ್ಷೇಮ.

ಮನೆಯಲ್ಲಿ ಅಟ್ಟದ ಮೇಲೆ, ಬೀರುವಿನ ಮೇಲೆ ಇಡುವುದು ನಮ್ಮ ಕಡೆಯ ವಾಡಿಕೆ. ಅಲ್ಲಿಟ್ಟರೆ ಟ್ವೀಟರಿನ ದನಿ ತಲೆಯ ಮೇಲೆ ಹಾದುಹೋಗುತ್ತದೆ. ಕೂತವರ ಕಿವಿಯ ಮಟ್ಟಕ್ಕೆ ಟ್ವೀಟರ್ ಬರುವಂತೆ ಸ್ಟೂಲಿನ ಮೇಲಿಟ್ಟು, ಗೋಡೆಯಿಂದ ಒಂದಡಿ ಮುಂದೆ ಎಳೆದು, ಎರಡರ ನಡುವೆ ಆರೇಳು ಅಡಿ ಅಂತರ ಬಿಡಬೇಕು. ಮೂಲೆಗೆ ತಳ್ಳಿದರೆ ಬಾಸ್ ಗುಂಯ್ಗುಟ್ಟುತ್ತದೆ. ಟೈಲ್ಸ್ ನೆಲದ ಆರ್.ಸಿ.ಸಿ. ಮನೆಯಲ್ಲಿ ದನಿ ಮಾರ್ದನಿಸಿ ಮಾತು ಕಲಸಿಹೋಗುತ್ತದೆ. ಎದುರಿಗೊಂದು ಜಮಖಾನ, ಹಿಂದಿನ ಗೋಡೆಗೊಂದು ದಪ್ಪ ಪರದೆ ಹಾಕಿದರೆ ಅರ್ಧ ತೊಂದರೆ ಇಳಿಯುತ್ತದೆ. ಹೆಂಚಿನ ಮನೆಯವರಿಗೆ ಈ ಕಾಟ ಕಡಿಮೆ. ಮಳೆಗಾಲದಲ್ಲಿ ವಾರಕ್ಕೆರಡು ಸಲವಾದರೂ ನುಡಿಸುತ್ತಿರಬೇಕು, ಮುಚ್ಚಿಡುವುದಾದರೆ ಪ್ಲಾಸ್ಟಿಕ್ ಬೇಡ, ಹತ್ತಿ ಬಟ್ಟೆ ಹೊದಿಸಬೇಕು. ಪ್ಲಾಸ್ಟಿಕ್ಕಿನೊಳಗೆ ತೇವ ಕೂತು ಕೋನಿಗೆ ಬೂಷ್ಟು ಹಿಡಿಯುತ್ತದೆ.